ಪಬ್ಬಿನ ಕಿಟಕಿ ಪಕ್ಕದ ಮೇಜಿಗೆ

ಹಾಗಾಗಿ, ನಿನ್ನೆ ನಮ್ಮ ಸಂಶೋಧಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಂತ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುವುದಾದರೆ, ನನ್ನ ದೂರು ನಮ್ಮ ಲ್ಯಾಬಿನ ಪ್ರೊಫೆಸರರ ಮೇಲಲ್ಲ. ಎಜ್‌ಬಾಸ್ಟನ್‌ನ ಪಬ್ಬಿನಲ್ಲಿ ನಾಲ್ಕು ಕಾಲಿನ ಮೇಲೆ ವಿರಾಜಮಾನರಾಗಿರುವ ಮಾನ್ಯ ಮೇಜು ಮಹಾಶಯರೇ, ಅದು ತಮ್ಮ ಪಾದಗಳಿಗೇ ಅರ್ಪಿತ.

ಪಿಎಚ್‌ಡಿ ಮೊದಲ ವರ್ಷದವಳಾದ ನಾನು, ಲ್ಯಾಬಿನ ಹುದ್ದೆಗಳನ್ನು ಸಂದರ್ಶನ ಸಮಿತಿಯೇ ತುಂಬುತ್ತದೆ ಎಂದು ಪಾಪ ನಂಬಿದ್ದೆ. ಶುಕ್ರವಾರ ಸಂಜೆ ತಮ್ಮ ಮೇಲೆ ಬಿಯರ್ ಗ್ಲಾಸುಗಳು ಕೂತಮೇಲೆ ಎಲ್ಲ ಇತ್ಯರ್ಥವಾಗಿ, ಸೋಮವಾರ ಸಮಿತಿ ಬರೀ ಮೊಹರು ಒತ್ತುತ್ತದೆ ಎಂಬ ಜ್ಞಾನೋದಯವಾಗಲು ಖುಷ್ನುಮಾ ಅಕ್ಕನೇ ಬೇಕಾಯಿತು.

ಕಲಬುರಗಿಯ ಖುಷ್ನುಮಾ ಅಕ್ಕ ನಮ್ಮ ಲ್ಯಾಬಿನ ಸಂಶೋಧಕಿ, ನಮ್ಮ ಗುಂಪಿನ ಹೀರೋ. ಯಾವ ಔಷಧಕ್ಕೂ ಬಗ್ಗದ ಬ್ಯಾಕ್ಟೀರಿಯಾ ಅವರೆದುರು ಬಗ್ಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರು ಕುಡಿಯುವುದಿಲ್ಲ, ಕುಡಿಸುವುದೂ ಇಲ್ಲ. ಆದರೂ ಒಮ್ಮೆ ನಿಂಬೆ ಸೋಡಾ ಹಿಡಿದು ತಮ್ಮ ಸನ್ನಿಧಿಗೆ ಬಂದರು. ಒಬ್ಬೊಬ್ಬರಾಗಿ ಎಲ್ಲರಿಗೂ ಗ್ಲಾಸು ತರಿಸುವ ಪಬ್ಬಿನ ರೂಢಿಯಲ್ಲಿ ಅಕ್ಕನ ಸರದಿ ಬಂದಾಗ, ಹೊಟ್ಟೆ ತುಂಬಿಸುವುದಕ್ಕಿಂತ ದೊಡ್ಡ ಮರ್ಯಾದೆಯುಂಟೇ ಎಂದು ಬಗೆದು, ಎಲ್ಲರಿಗೂ ಬಿಸಿ ಚಿಪ್ಸ್ ತರಿಸಿದರು. ತಟ್ಟೆಗಳು ಖಾಲಿಯಾದವು, ಹೊಗಳಿಕೆಯೂ ಬಂತು, ಅದು ಸರದಿಯೆಂದು ಮಾತ್ರ ಯಾರೂ ಒಪ್ಪಲಿಲ್ಲ. ಆಮೇಲೆ ಅವರನ್ನು ಕರೆಯಲೂ ಇಲ್ಲ, ಮುಜುಗರವಾದೀತೆಂಬ ಕರುಣೆಯಿಂದ.

ಆ ಕರುಣೆಗೆ ನಾವು ಚಿರಋಣಿಗಳು. ಕಪ್ಪು, ಕಂದು ಬಣ್ಣದ ಸಂಶೋಧಕರನ್ನು ಉಳಿಸಿಕೊಳ್ಳುವುದು ಹೇಗೆಂಬ ಸಮಿತಿಗೆ ಅಕ್ಕನನ್ನೇ ಅಧ್ಯಕ್ಷೆ ಮಾಡಿ, ಅವರು ವರದಿ ಬರೆಯುತ್ತಿದ್ದ ವಾರವೇ, ಅವರೂ ಅರ್ಜಿ ಹಾಕಿದ್ದ ಲ್ಯಾಬಿನ ಹುದ್ದೆಯನ್ನು, ಅವರಿಂದಲೇ ಹನಿ ಅಳೆಯುವ ಪೈಪೆಟ್ ಹಿಡಿಯಲು ಕಲಿತ ತಮ್ಮ ಖಾಯಂ ಭಕ್ತನೊಬ್ಬನಿಗೆ ದಯಪಾಲಿಸಿದಿರಿ. ಅವನು ಎಲ್ಲರೊಡನೆ ಚೆನ್ನಾಗಿ ಬೆರೆಯುತ್ತಾನಂತೆ. ಬ್ಯಾಕ್ಟೀರಿಯಾವೂ ಬೆರೆಯುತ್ತದೆ, ಅದಕ್ಕೂ ಒಂದು ಅರ್ಜಿ ಕೊಡಿಸಬಹುದಿತ್ತು.

ಈಗ ಅಕ್ಕನ ಫಲಿತಾಂಶಗಳನ್ನೇ ತೋರಿಸಿ ಪಡೆದ ಅನುದಾನದಲ್ಲಿ ಇನ್ನೊಂದು ಹುದ್ದೆಯಿದೆ. ಅದೂ ತಪ್ಪಿದರೆ, ವೀಸಾ ಮುಗಿಯುವ ಮುನ್ನ ಅವರು ಬ್ಯಾಕ್ಟೀರಿಯಾ ಬಿಟ್ಟು ಮ್ಯಾಂಚೆಸ್ಟರಿನ ಕಂಪನಿಯೊಂದರಲ್ಲಿ ಔಷಧದ ಲೇಬಲ್ ತಿದ್ದಲು ಹೋಗಬೇಕು. ಆದ್ದರಿಂದ ನನ್ನ ಸಣ್ಣ ಕೋರಿಕೆ: ತಾವು ಒಂದೇ ಒಂದು ಮಧ್ಯಾಹ್ನ ನಾಲ್ಕೂ ಕಾಲು ಬೀಸಿಕೊಂಡು ಲ್ಯಾಬಿಗೆ ಬಂದು ನಿಂತು, ಎಲ್ಲರ ಎದುರಲ್ಲಿ, ಚಹಾ ಕಪ್ಪುಗಳ ನಡುವೆ ಅದನ್ನು ತೀರ್ಮಾನಿಸಿ. ಬಸ್ ಟಿಕೆಟ್ ನನ್ನದು.

ತಮ್ಮ ಮೇಲಿನ ಒದ್ದೆ ಗುರುತುಗಳಿಗೆ ತಲೆಬಾಗುತ್ತಾ,
ತಮ್ಮ ವಿಶ್ವಾಸಿ,
ಸಮೀಕ್ಷಾ

ತಾ.ಕ.: ನಡೆಯಲು ಕಷ್ಟವಾದರೆ ಬೇಡ, ಈ ಶುಕ್ರವಾರ ನಾವೇ ಬರುತ್ತೇವೆ: ಅಕ್ಕ, ನಾನು, ಗುಂಪಿನವರೆಲ್ಲ, ತಲೆಗೊಂದು ನಿಂಬೆ ಸೋಡಾ. ಆ ಹುದ್ದೆಯ ಮಾತನ್ನು ಅಕ್ಕನ ಎದುರಿಗೇ ಆಡಿಸುವ ಧೈರ್ಯ ತಮಗಿದೆಯೇ?