ಹೆಣ್ಣು ಹೂವಿಗೊಂದು ಮುಹೂರ್ತ

ಚಾಮರಾಜಪೇಟೆಯ ಏಕಾಂತಯ್ಯ ಮೇಷ್ಟ್ರ ತಾರಸಿಯಲ್ಲಿ ಸೋಮವಾರ ಬೆಳಗ್ಗೆ ಬೂದುಗುಂಬಳದ ಬಳ್ಳಿ ಮೊಟ್ಟಮೊದಲ ಹೆಣ್ಣು ಹೂವು ಬಿಟ್ಟಿತು. ಅನಾಹುತಕ್ಕೆಲ್ಲ ಅದೇ ಮೂಲ.

ಮೇಷ್ಟ್ರು ಮೂವತ್ತು ವರ್ಷ ಹೈಸ್ಕೂಲಿನ ಬೋರ್ಡಿನ ಮೇಲೆ ಪರಾಗಸ್ಪರ್ಶ, ನಿಷೇಚನ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ನಿವೃತ್ತರಾದವರು. ಕೈಯಾರೆ ಒಂದು ಹೀಚನ್ನೂ ಬೆಳೆಸಿದವರಲ್ಲ. ಮಣ್ಣಿನ ಫಲವತ್ತತೆಗೆಂದು ಡ್ರಮ್ಮಿನಲ್ಲಿ ಕೊಳೆಹಾಕಿದ್ದ ಸಗಣಿ, ಹಿಂಡಿ, ಬೆಲ್ಲದ ವಾಸನೆಗೆ ಬೀದಿಯೇ ಮೂಗು ಮುಚ್ಚಿಕೊಂಡಿತ್ತು. ಜೇನುನೊಣಗಳೂ ಆ ಕಡೆ ಸುಳಿಯುತ್ತಿರಲಿಲ್ಲ. ಹೆಂಡತಿ ತ್ರಿಪುರಸುಂದರಿ ಕೊನೆಯ ಮಾತು ಹೇಳಿಯಾಗಿತ್ತು: “ಈ ಸೋಮವಾರ ಕಾಯಿ ಕಚ್ಚಲಿಲ್ಲ ಅಂದ್ರೆ ಡ್ರಮ್ಮು ಗುಜರಿಗೆ, ಬಳ್ಳಿ ಹಾಲಿನ ಲಕ್ಷ್ಮಯ್ಯನ ಹಸುಗೆ.”

ಹೆಣ್ಣು ಹೂವೇನೋ ಅರಳಿತು. ಗಂಡು ಹೂವು ಹುಡುಕಿದರೆ ಒಂದೂ ಇಲ್ಲ. ಮೇಷ್ಟ್ರು ಗಾಬರಿಯಿಂದ ಕೆಳಗೆ ಬಗ್ಗಿ ನೋಡಿದರು. ಪಕ್ಕದ ಮನೆಯ ರಂಗನಾಯಕಮ್ಮನವರ ಬಾಗಿಲಲ್ಲಿ ಧನುರ್ಮಾಸದ ರಂಗೋಲಿ. ಅದರ ಮೇಲೆ ಐದು ಸಗಣಿ ಉಂಡೆ. ಉಂಡೆಗೊಂದರಂತೆ ಹಳದಿ ಹೂವು!

ಮೇಷ್ಟ್ರು ಪಂಚೆ ಎತ್ತಿಕಟ್ಟಿ ಓಡಿ, ರಂಗೋಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದರು.

“ಯಾರ್ರೀ ಅದು, ರಂಗೋಲಿಗೆ ಕೈ ಹಾಕೋದು!” ರಂಗನಾಯಕಮ್ಮ ಕಾಫಿ ಲೋಟದ ಸಮೇತ ಹೊರಬಂದರು.

“ನಿಮ್ಮ ಗೋಡೆ ಕಡೆ ಇಳಿದಿರೋ ನಮ್ಮ ಬಳ್ಳೀದೇ ಹೂವಮ್ಮಾ. ಒಂದು ವಾಪಸ್ ಕೊಡಿ. ಪರಾಗ ಹೋಗಿ ಶಲಾಕಾಗ್ರದ ಮೇಲೆ ಬೀಳ್ಬೇಕು, ಆಮೇಲೆ ಅಂಡಾಶಯದಲ್ಲಿ ನಿಷೇಚನ…”

“ಹಾಗಂದ್ರೆ ಏನ್ರೀ?” ಎಂದರು ಆಕೆ. ಹಾಲಿನ ಕ್ಯಾನು ಹಿಡಿದು ಬಂದ ಲಕ್ಷ್ಮಯ್ಯ ಬಿಡಿಸಿ ಹೇಳಿದ: “ಏನಿಲ್ಲ ಅಮ್ಮೋರೆ, ಡಾಕ್ಟ್ರು ಬಂದು ನಮ್ಮ ಗೌರಿಗೆ ಗಬ್ಬ ಕಟ್ಟಿಸ್ತಾರಲ್ಲ, ಹಂಗೆ. ಇಲ್ಲಿ ಮೇಷ್ಟ್ರೇ ಡಾಕ್ಟ್ರು.”

“ಪ್ರಸ್ತ ಅನ್ನಿ ಮತ್ತೆ! ಧನುರ್ಮಾಸದಲ್ಲಿ ಯಾರಾದ್ರೂ ಪ್ರಸ್ತ ಇಟ್ಕೋತಾರೇನ್ರೀ?”

“ಹೂವಿಗೆ ಪಂಚಾಂಗ ಗೊತ್ತಿಲ್ಲಮ್ಮ! ಬಿಸಿಲೇರಿದ್ರೆ ಮುಚ್ಕೊಂಡ್ಬಿಡುತ್ತೆ.”

“ಹೋಗ್ಲಿ, ರಾಹುಕಾಲ ಆದ್ರೂ ಕಳೀಲಿ. ಸೋಮವಾರ ಏಳೂವರೆಯಿಂದ ಒಂಬತ್ತು. ಒಂಬತ್ತಕ್ಕೆ ನಾನೇ ಹೂವು ತರ್ತೀನಿ,” ಎಂದು ಆಕೆ ಉಂಡೆಗಳ ಮೇಲಿನ ಹೂವುಗಳನ್ನು ಕಿತ್ತು ಮಡಿಲಿಗೆ ಹಾಕಿಕೊಂಡರು. ಗೇಟಿನಲ್ಲಿ ನಿಂತಿದ್ದ ತ್ರಿಪುರಸುಂದರಿಯೂ ಅವರ ಕಡೆಗೇ ವಾಲಿದರು.

ಮೇಷ್ಟ್ರು ತಾರಸಿಗೆ ಬಂದು ಹೂವಿಗೆ ಕೊಡೆ ಹಿಡಿದು ನಿಂತರು. ಎಂಟು ಗಂಟೆಗೆಲ್ಲ ಎಸಳುಗಳು ಸೊರಗತೊಡಗಿದವು. ಮೇಷ್ಟ್ರ ಮುಖವೂ ಅಷ್ಟೇ.

ಎಂಟೂಕಾಲಿಗೆ ಸಗಣಿ ಬಕೆಟ್ಟು ಹೊತ್ತು ಬಂದ ಲಕ್ಷ್ಮಯ್ಯ, ಜೇಬಿನಿಂದ ಮೆಲ್ಲಗೆ ಒಂದು ಹೂವು ತೆಗೆದ. “ಅಮ್ಮೋರು ಒಳಗೆ ಒಯ್ದಿದ್ದು ನಾಲ್ಕೇ. ಕೆಳಗೆ ಬಿದ್ದ ಐದನೇದು ನಾನೆತ್ಕೊಂಡೆ. ಬೇಗ ಮುಗಿಸ್ಬಿಡಿ ಸಾಮಿ.”

ಮೇಷ್ಟ್ರು ಎಸಳು ಕಿತ್ತು, ಕೇಸರವನ್ನು ಹೆಣ್ಣು ಹೂವಿಗೆ ಮೃದುವಾಗಿ ಮುಟ್ಟಿಸಿದರು. ಹಳದಿ ಪುಡಿ ಅಂಟಿತು. ಮೂವತ್ತು ವರ್ಷ ಬಾಯಲ್ಲಿ ಹೇಳಿದ್ದನ್ನು ಇವತ್ತು ಕೈಯಲ್ಲಿ ಮಾಡಿದ್ದರು. ಸಂತೋಷಕ್ಕೆ ಅವರ ಕಣ್ಣು ಒದ್ದೆಯಾಯಿತು.

“ಇಷ್ಟೇನಾ? ನಮ್ಮ ಡಾಕ್ಟ್ರು ಹೆಗಲ ತನಕ ಗ್ಲೌಸ್ ಹಾಕ್ಕೋತಾರೆ,” ಎಂದು ಲಕ್ಷ್ಮಯ್ಯ ನಿರಾಸೆಯಿಂದ ಇಳಿದು ಹೋದ.

ಒಂಬತ್ತಕ್ಕೆ ಸರಿಯಾಗಿ ರಂಗನಾಯಕಮ್ಮ ಹೂವು, ಅರಿಶಿನ, ಕುಂಕುಮದ ತಟ್ಟೆಯೊಂದಿಗೆ ಬಂದರು; ಹಿಂದೆ ತ್ರಿಪುರಸುಂದರಿ. ಹೆಣ್ಣು ಹೂವು ಆಗಲೇ ಮುದುಡಿ ಮುಚ್ಚಿಕೊಂಡಿತ್ತು.

“ಅಯ್ಯೋ ಪಾಪ, ಮುಚ್ಕೊಂಡೇಬಿಡ್ತಲ್ಲ!” ಎಂದರು ರಂಗನಾಯಕಮ್ಮ.

“ಮಾತು ಅಂದ್ರೆ ಮಾತು. ಗುಜರಿಯವನಿಗೆ ಫೋನ್ ಮಾಡ್ತೀನಿ,” ಎಂದು ತ್ರಿಪುರಸುಂದರಿ ಮೊಬೈಲ್ ತೆಗೆದರು.

ಮೇಷ್ಟ್ರು ಎರಡೂ ಕೈ ಚಾಚಿ ಡ್ರಮ್ಮಿಗೆ ಅಡ್ಡ ನಿಂತರು. “ಬೇಡ, ಬೇಡ! ಎಂಟೂಕಾಲಿಗೇ ಆಗೋಗಿದೆ! ಕಾಯಿ ಕಚ್ಚೇ ಕಚ್ಚುತ್ತೆ!”

ಇಬ್ಬರೂ ಒಟ್ಟಿಗೆ ಕೇಳಿದರು: “ರಾಹುಕಾಲದಲ್ಲಾ?”

ಮೇಷ್ಟ್ರು ಬೈಗುಳಕ್ಕೆ ತಲೆಯೊಡ್ಡಿ ನಿಂತರು. ಆದರೆ ರಂಗನಾಯಕಮ್ಮನವರ ಮುಖ ಇದ್ದಕ್ಕಿದ್ದಂತೆ ಅರಳಿತು. “ಸುಂದ್ರಮ್ಮಾ! ರಾಹುಕಾಲದಲ್ಲೇ ಕಚ್ಚಿದ ಬೂದುಗುಂಬಳ! ಬಾಗಿಲಿಗೆ ಕಟ್ಟಿದ್ರೆ ಯಾವ ಕೆಟ್ಟ ದೃಷ್ಟಿ ಹತ್ರ ಬರುತ್ತೆ ಹೇಳಿ? ಇದು ನಮ್ಮನೆಗೆ!”

“ಹಾಗಾದ್ರೆ ಎರಡನೇದು ನಮ್ಮ ಬಾಗಿಲಿಗೆ,” ಎನ್ನುತ್ತ ತ್ರಿಪುರಸುಂದರಿ ಮೊಬೈಲ್ ಕೆಳಗಿಳಿಸಿ, ಎಲೆ ಸರಿಸಿ ಮತ್ತೊಂದು ಹೆಣ್ಣು ಮೊಗ್ಗು ತೋರಿಸಿದರು. “ಇದು ನಾಳೆ ಅರಳುತ್ತೆ. ಇದೂ ರಾಹುಕಾಲದಲ್ಲೇ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಡ್ರಮ್ಮು ಗುಜರಿಗೆ.”

“ಅದಕ್ಕೇನಂತೆ!” ಎಂದು ಮೇಷ್ಟ್ರು ಉಸಿರುಬಿಟ್ಟರು. “ನಾಳೆ ಎಷ್ಟೊತ್ತಿಗೆ ರಾಹುಕಾಲ?”

“ಮಂಗಳವಾರ ಅಲ್ವಾ,” ಎಂದರು ರಂಗನಾಯಕಮ್ಮ, ತಟ್ಟೆ ಎತ್ತಿಕೊಳ್ಳುತ್ತ. “ಮಧ್ಯಾಹ್ನ ಮೂರು ಗಂಟೆಗೆ.”