ಎದೆಯ ಫೋಟೋ ತೆಗೆಯುವ ಯಂತ್ರ

ಆಶಾ ಕಾರ್ಯಕರ್ತೆಯ ಕೆಲಸದಲ್ಲಿ ಬಿಸಿಲಿಗೆ ಬರವಿಲ್ಲ, ನಗುವಿಗೂ ಬರವಿಲ್ಲ. ಕ್ಷಯ ಹುಡುಕಲು ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಬಂದ ಮೇಲಂತೂ ಕೇಳಬೇಡಿ. ನೋಡಲು ಕ್ಯಾಮೆರಾದಂತಿದೆ. ಫೋಟೋ ಬಿದ್ದ ಕೂಡಲೇ ಕಂಪ್ಯೂಟರೇ ಓದಿ, ಅನುಮಾನ ಬಂದ ಜಾಗಕ್ಕೆ ಕೆಂಪು ಗೆರೆ ಎಳೆಯುತ್ತದೆ. ಜನರನ್ನು ಕರೆತರುವುದು ನನ್ನ ಪಾಲು.

ಮೀಸೆ

ಬಂಡ್ರಿ ಊರಿನಲ್ಲಿ ಒಬ್ಬ ಅಜ್ಜ ಇಸ್ತ್ರಿ ಅಂಗಿ ಹಾಕಿ, ಮುಖಕ್ಕೆ ಪೌಡರ್ ಬಳಿದು, ಮೀಸೆ ತಿರುವಿಕೊಂಡು ಬಂದ. ಅಂಗಿ ಬಿಚ್ಚಿ ಅಂದಾಗಲೇ ಮುಖ ಸಣ್ಣದಾಯಿತು. ಫೋಟೋ ನೋಡಿ ಪೂರಾ ಕೆಟ್ಟಿತು.

"ಏನವ್ವ, ಮೀಸಿನೇ ಬಂದಿಲ್ಲ?"

"ಇದು ಎದಿ ಫೋಟೋರಿ ಅಜ್ಜ."

"ಮೊದ್ಲ ಹೇಳಬಾರದೇನು? ಪೌಡರ್ ಎದಿಗೇ ಹಚ್ಕೊಂಡು ಬರ್ತಿದ್ದೆ."

ಬಣ್ಣ

ಅದಿರು ಲಾರಿಯ ಡ್ರೈವರ್ ಒಬ್ಬನಿಗೆ ಏನೂ ಇಲ್ಲ ಎಂದು ಬಂತು. ಅವನು ಒಪ್ಪಲಿಲ್ಲ.

"ಇದು ನನ್ನ ಎದಿ ಅಲ್ಲ. ದಿನಾ ಧೂಳು ತಿಂತೀನಿ, ಒಳಗೆಲ್ಲ ಕೆಂಪೈತಿ. ಇದು ಬೆಳ್ಳಗ ತೋರಸ್ತೈತಿ."

"ಇದರಾಗ ಕಲರ್ ಬರಂಗಿಲ್ಲಣ್ಣ."

ಅವನ ಹೆಂಡತಿ ರಟ್ಟೆ ಹಿಡಿದು ಎಬ್ಬಿಸಿದಳು. "ಸುಮ್ನ ನಡೀರಿ. ಕಲರ್ ಇದ್ದಿದ್ರ ನಿನ್ನೆ ಕುಡಿದದ್ದೂ ಕಾಣತಿತ್ತು."

ಅರಿಶಿನದ ಕೊಂಬು

ಊರಿಗೆಲ್ಲ ಬುದ್ಧಿ ಹೇಳುವ ನನ್ನ ಮಾತು ನಮ್ಮ ಮನೆ ಹೊಸ್ತಿಲು ದಾಟುವುದಿಲ್ಲ. ಅತ್ತೆಗೆ ವಾರಗಟ್ಟಲೆ ಕೆಮ್ಮು. ನನ್ನ ಪುಟ್ಟ ಮಗಳು ಮಲಗುವುದು ಅವರ ಎದೆಯ ಮೇಲೆಯೇ. ನನಗೆ ನಿದ್ದೆಯಿಲ್ಲ. ಯಂತ್ರ ನಮ್ಮೂರು ವಡ್ಡುವಿಗೆ ಬಂದ ದಿನ ಅತ್ತೆಯನ್ನು ಎಳೆದುಕೊಂಡೇ ಹೋದೆ. ಕೊರಳಿನ ಚಿನ್ನ ತೆಗೆಯಬೇಕು ಎಂದಳು ಯಂತ್ರ ಹಿಡಿದ ಹುಡುಗಿ.

"ನಿಮ್ಮ ಮಾವ ಗುಂಡುಕಲ್ಲಿನಂಗ ಕುಂತಾರ, ತಾಳಿ ತೆಗಿ ಅಂತೀಯಲ್ಲ" ಎಂದು ಅತ್ತೆ ನನ್ನ ಮೇಲೇ ಹಾಯ್ದರು.

"ಎರಡು ನಿಮಿಷಕ್ಕ ನಾ ಸಾಯಂಗಿಲ್ಲ, ತೆಗಿ" ಎಂದರು ಮಾವ.

"ನಿಮ್ಮನ್ನ ನಂಬೋದು ಯಾರು?"

ತಾಳಿಯನ್ನು ಅಕ್ಕಸಾಲಿಗನಿಗೆ ಕೊಟ್ಟಾಗ ಮಾಡುವಂತೆ, ಅರಿಶಿನದ ಕೊಂಬಿಗೆ ದಾರ ಕಟ್ಟಿ ಕೊರಳಿಗೆ ಹಾಕಿದೆ. ಆಮೇಲೆ ಅತ್ತೆ ತಾಳಿ ತೆಗೆದು ಮಾವನ ಕೈಗಿಟ್ಟರು.

ಫೋಟೋ ಬಿತ್ತು. ಎದೆಯ ನಡುವೆ ಕೆಂಪು ಗೆರೆ. ಕಂಕುಳಲ್ಲಿದ್ದ ಮಗಳನ್ನು ಬಿಗಿಯಾಗಿ ಹಿಡಿದೆ. ಯಂತ್ರದ ಹುಡುಗಿ ಪರದೆಗೆ ಮೂಗು ತಾಗಿಸಿ ನೋಡಿ, "ಅಕ್ಕ, ಇದು ಕೊಂಬು" ಎಂದಳು.

ಕೊಂಬನ್ನು ಅತ್ತೆಯ ಬಾಯಲ್ಲಿ ಕಚ್ಚಿಸಿ ಮತ್ತೆ ಫೋಟೋ ತೆಗೆದೆವು. ನಾನು ಸೊಸೆಯಾಗಿ ಬಂದ ಮೇಲೆ ಅವರು ಎರಡು ನಿಮಿಷ ಸುಮ್ಮನಿದ್ದದ್ದು ಅವತ್ತೇ. ಈ ಸಲ ಒಂದು ಗೆರೆಯೂ ಇಲ್ಲ. ನಾನು ಉಸಿರು ಬಿಟ್ಟೆ.

ತಾಳಿ ಕೊರಳಿಗೆ ಬಿದ್ದ ಮೇಲೆಯೇ ಅತ್ತೆ ಬಾಯಿಂದ ಕೊಂಬು ತೆಗೆದರು. ಮಾವನನ್ನು ಮೇಲಿಂದ ಕೆಳಗೆ ನೋಡಿದರು.

"ಮಷಿನ್ ಭಾಳ ಶ್ಯಾಣ್ಯಾ ಐತಿ ಬಿಡು. ಗಂಡನ ಗುರುತು ಕಂಡ ಕೂಡಲೇ ರೋಗ ಅಂತ ಗೆರಿ ಎಳೀತು."