ಒಂದೂ ಸದ್ದಿಲ್ಲದ ಪೆಟ್ಟಿಗೆ

ಸಿಂಥ... ಸಿಂಥೆ... ಇರಿ, ಮೊನ್ನೆ ತಾನೇ ಸರಿಯಾಗಿ ಹೇಳಿದ್ದೆ. ಸಿಂಥ ಎಂದು ಶುರುವಾಗುತ್ತದೆ, ಸೈಸರ್ ಎಂದು ಮುಗಿಯುತ್ತದೆ, ನಡುವೆ ಇನ್ನೊಂದು ಅಕ್ಷರ ಇದೆಯೋ ಇಲ್ಲವೋ ಎನ್ನುವಲ್ಲಿ ನನ್ನ ನಾಲಿಗೆ ಪ್ರತಿಸಲವೂ ಎಡವುತ್ತದೆ. ಹಾಗಾಗಿ ನಾನು ಪೆಟ್ಟಿಗೆ ಎಂದೇ ಕರೆಯುತ್ತೇನೆ. ಒಂದು ಮೊರದಷ್ಟು ಅಗಲ. ಮುಂದೆ ಹಾರ್ಮೋನಿಯಮ್ಮಿಗಿರುವಂಥ ಕೀಗಳು, ಮೇಲೆ ಹಳೇ ರೇಡಿಯೋಗಿದ್ದಂಥ ನಾಬುಗಳ ಸಾಲು.

ನಮ್ಮ ಮನೆಗೆ ಯಾವ ಸಾಮಾನು ಬಂದರೂ ಅದರ ಹಿಂದೆ ಒಂದು ನಗೆಪಾಟಲು ಬಂದೇ ಬರುತ್ತದೆ. ಫ್ರಿಜ್ಜು ತಂದಾಗ ಬಂತು, ವಾಷಿಂಗ್ ಮಷೀನು ತಂದಾಗ ಬಂತು. ಈ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಅದು ಮನೆಗೆ ಬರುವ ಮುಂಚೆಯೇ ಶುರುವಾಯಿತು.

ನಾನು ಹುಟ್ಟಿದ್ದು ಗದಗಿನ ಕಡೆ. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದೆ. ನನ್ನ ಮಾತೂ ಊಟವೂ ಈಗ ಇಲ್ಲಿಯವೇ. ಮನೆಯಲ್ಲಿ ಮಗ, ಸೊಸೆ, ಚಿಕ್ಕಬಳ್ಳಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಮೊಮ್ಮಗಳು ಪುಟ್ಟಿ. ಪಕ್ಕದಲ್ಲೇ ಒಬ್ಬ ಸಾಹೇಬರ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಅವರಿಗೆ ಮಾರುಕಟ್ಟೆಯಲ್ಲಿ ಗೂಡು ಆರಿಸಿ ಕೊಡುವುದು ನನ್ನ ಮಗನ ಕೆಲಸ.

ನೂರು ಬೇಡ

ಪುಟ್ಟಿಗೆ ಇದ್ದಕ್ಕಿದ್ದಂತೆ ಪೆಟ್ಟಿಗೆಯ ಹುಚ್ಚು ಹಿಡಿಯಿತು. ಅದೂ ಅನಲಾಗೇ ಆಗಬೇಕು, ಕಲಿಯುವವರಿಗೆ ಆಗುವಂಥದ್ದಾಗಬೇಕು, ಅಪ್ಪನ ಕೈಗೆ ಎಟುಕುವಂಥದ್ದಾಗಬೇಕು. ಅಪ್ಪನನ್ನು ಕರೆದುಕೊಂಡು ಹೋದರೆ ಮೂರನೆಯ ಷರತ್ತೇ ಮೊದಲನೆಯದಾಗಿಬಿಡುತ್ತದೆ ಎಂದು ನನ್ನನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ಒಂದು ವಾದ್ಯದಂಗಡಿಗೆ ಹೋದಳು.

ಅಂಗಡಿಯವರು ಉದ್ದನೆಯದೊಂದು ಕೀಬೋರ್ಡ್ ಬಿಚ್ಚಿದರು. "ನೋಡಮ್ಮ, ನೂರು ಸದ್ದಿದೆ. ಪಿಟೀಲು, ಕೊಳಲು, ತಬಲ, ನಾಯಿ ಬೊಗಳೋದು, ಚಪ್ಪಾಳೆ ಕೂಡ ಇದೆ."

"ಇದರಲ್ಲಿ ಸದ್ದೆಲ್ಲ ಮೊದಲೇ ಇಟ್ಟಿದ್ದಾರೆ ಅಂಕಲ್. ನಂಗೆ ಏನೂ ಇಟ್ಟಿರಬಾರದು."

"ಐವತ್ತು ಸದ್ದಿಂದೂ ಇದೆ."

"ಒಂದೂ ಬೇಡ."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಗೋಡೆಗೆ ನೇತುಹಾಕಿದ್ದ ಗಿಟಾರು ನೋಡಿದೆ.

ಪುಟ್ಟಿ ಬಿಡಿಸಿ ಹೇಳಿದಳು. ಆ ಕೀಬೋರ್ಡು ಪ್ಯಾಕೆಟ್ಟಿನ ಸಾರಿನಪುಡಿ ಇದ್ದ ಹಾಗಂತೆ. ಯಾರೋ ಎಲ್ಲೋ ಮಾಡಿದ್ದು, ಕತ್ತರಿಸಿ ಹಾಕಿದರಾಯಿತು. ಅನಲಾಗ್ ಪೆಟ್ಟಿಗೆಯಲ್ಲಿ ಮೆಣಸಿನಕಾಯಿ ಹುರಿಯುವುದರಿಂದ ಹಿಡಿದು ಎಲ್ಲ ನಾವೇ ಮಾಡಬೇಕು. ಕರೆಂಟೇ ಅದುರಿ ಸದ್ದಾಗುತ್ತದೆ, ನಾಬು ತಿರುಗಿಸಿ ಅದನ್ನು ಮೊನಚು ಮಾಡುವುದೋ ಮೊಂಡು ಮಾಡುವುದೋ ನಮ್ಮ ಕೈಯಲ್ಲಿ. ಕಲಿಯುವವರಿಗೆ ಒಂದೊಂದು ಕೆಲಸಕ್ಕೆ ಒಂದೊಂದು ನಾಬು ಇರುವ ಚಿಕ್ಕ ಪೆಟ್ಟಿಗೆಯೇ ಒಳ್ಳೆಯದಂತೆ, ಯಾವುದು ಏನು ಮಾಡುತ್ತದೆ ಎಂದು ಕೈಗೇ ತಿಳಿಯುತ್ತದಂತೆ.

ನನಗೆ ಅರ್ಥವಾಯಿತು. ಅಂಗಡಿಯವರಿಗೂ ಆಗಿರಬೇಕು. ತರಿಸಿಕೊಡಬಹುದು ಎಂದರು. ಹೊರಡುವಾಗ ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: "ಅಜ್ಜಿ, ಇಷ್ಟು ವರ್ಷ ಎಲ್ಲರೂ ಸದ್ದು ಕೇಳ್ಕೊಂಡು ಬರೋರು. ಇಲ್ಲದೇ ಇರೋದಕ್ಕೆ ದುಡ್ಡು ಕೊಡ್ತೀನಿ ಅಂದೋರು ನೀವೇ ಮೊದಲು."

ಕಿವಿಯ ಹತ್ತಿರ ಹಿಡಿದು

ಹೊಸದು ಯಾಕೆ, ಹಳೇದು ಸಿಕ್ಕರೆ ಅಗ್ಗ ಎಂದ ಮಗ. ಗೌರಿಬಿದನೂರಿನಲ್ಲಿ ಒಬ್ಬ ಮೇಷ್ಟ್ರು ತಮ್ಮದನ್ನು ಮಾರುತ್ತಿದ್ದಾರೆ ಎಂದು ಪುಟ್ಟಿ ಫೋನಿನಲ್ಲಿ ಹುಡುಕಿ ಕಂಡುಹಿಡಿದಳು. ಮೂವರೂ ಹೋದೆವು.

ಮೇಷ್ಟ್ರ ಹೆಂಡತಿ ಕಾಫಿ ಕೊಟ್ಟು, "ಮೊದಲು ಅದನ್ನ ತಗೊಂಡು ಹೋಗಿ, ಬಟ್ಟೆ ಮಡಚಿಡೋಕೆ ಜಾಗ ಆಗುತ್ತೆ," ಎಂದರು. ಮೇಷ್ಟ್ರು ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಪೆಟ್ಟಿಗೆ ಎತ್ತಿ ತಂದು ಮೇಜಿನ ಮೇಲಿಟ್ಟರು. ಪುಟ್ಟಿ ಇನ್ನೂ ಕೈ ಚಾಚಿರಲಿಲ್ಲ, ನನ್ನ ಮಗ ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಗಲಗಲ ಅಲ್ಲಾಡಿಸಿದ.

ಅವನ ತಪ್ಪಲ್ಲ. ರೇಷ್ಮೆಗೂಡು ಕೊಳ್ಳುವವರು ಮಾಡುವುದೇ ಹಾಗೆ. ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಹೇಗೆ ಬಡಿಯುತ್ತದೆ ಎಂದು ಕೇಳಿ ಬೆಲೆ ಕಟ್ಟುತ್ತಾರೆ. ಅವನು ತೆಂಗಿನಕಾಯಿಯನ್ನೂ ಹಾಗೇ ಕೊಳ್ಳುತ್ತಾನೆ, ಟಾರ್ಚನ್ನೂ ಹಾಗೇ ಕೊಳ್ಳುತ್ತಾನೆ.

"ಸಾರ್, ಸಾರ್, ಅಲ್ಲಾಡಿಸ್ಬೇಡಿ!" ಮೇಷ್ಟ್ರು ಎದ್ದರು.

"ಒಳಗೆ ಏನೋ ಇದೆ," ಎಂದ ಮಗ.

ಇತ್ತು. ಕಿಣಿಕಿಣಿ ಅನ್ನುತ್ತಿತ್ತು. ಮೇಷ್ಟ್ರು ಸ್ಕ್ರೂಡ್ರೈವರ್ ತಂದು ಬಿಚ್ಚಿದರು. ಕೀಗಳ ಸಂದಿಯಿಂದ ಒಳಗೆ ಬಿದ್ದಿದ್ದ ಚಿನ್ನದ ಓಲೆಯ ತಿರುಪು ಉರುಳಿ ಮೇಜಿನ ಮೇಲೆ ಬಂತು.

ಹೆಂಡತಿ ಕಾಫಿ ತಟ್ಟೆ ಅಲ್ಲೇ ಬಿಟ್ಟು ಓಡಿಬಂದರು. "ಅಯ್ಯೋ, ನಮ್ಮಮ್ಮ ಕೊಟ್ಟಿದ್ದು! ಮನೆಯೆಲ್ಲ ಗುಡಿಸಿ ಗುಡಿಸಿ ಸಾಕಾಗಿತ್ತಲ್ರೀ!" ತಿರುಪನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಪೆಟ್ಟಿಗೆಗೂ ಕೈಮುಗಿದರು. "ರೀ, ಚಿನ್ನ ಕಾಪಾಡಿ ಇಟ್ಟಿರೋದು ಇದು. ಇದನ್ನ ಮನೆಯಿಂದ ಆಚೆ ಕಳಿಸೋದು ಬೇಡ."

ಮೇಷ್ಟ್ರ ಮುಖ ಆಗ ಅರಳಿದ ಹಾಗೆ ನಾನು ಮದುಮಗನ ಮುಖ ಅರಳಿದ್ದನ್ನೂ ನೋಡಿಲ್ಲ. ನಮಗೆ ಇನ್ನೊಂದು ಲೋಟ ಕಾಫಿ ಸಿಕ್ಕಿತು, ಪೆಟ್ಟಿಗೆ ಸಿಗಲಿಲ್ಲ.

ಬಸ್ಸಿನಲ್ಲಿ ಪುಟ್ಟಿ ಅಪ್ಪನ ಪಕ್ಕ ಬಿಟ್ಟು ನನ್ನ ಪಕ್ಕ ಕೂತಳು. ಚಿಕ್ಕಬಳ್ಳಾಪುರದಲ್ಲಿ ಇಳಿಯುವಾಗ ಅಂದಳು: "ಅಪ್ಪ, ಇನ್ನೊಂದು ಸಲ ಏನಾದ್ರೂ ಅಲ್ಲಾಡಿಸಿದ್ರೆ, ನಿನ್ನ ಹಿಡ್ಕೊಂಡು ನಾನು ಅಲ್ಲಾಡಿಸ್ತೀನಿ."

ಬೇರಿಂಗು

ಕಡೆಗೆ ಮೊದಲಿನ ಅಂಗಡಿಯವರೇ ಚಿಕ್ಕದೊಂದು ಹೊಸ ಪೆಟ್ಟಿಗೆ ತರಿಸಿಕೊಟ್ಟರು. ಅನಲಾಗ್‌ನಲ್ಲಿ ಅದಕ್ಕಿಂತ ಅಗ್ಗದ್ದು ಇರಲಿಲ್ಲ. ದಸರಾ ಮುಗಿಯುವವರೆಗೆ ನೋಡಿ, ಹಿಡಿಸದಿದ್ದರೆ ತಂದುಕೊಟ್ಟು ನೂರು ಸದ್ದಿನ ಕೀಬೋರ್ಡ್ ಒಯ್ಯಿರಿ ಎಂದರು. ನನ್ನ ಮಗನಿಗೆ ಆ ಮಾತು ಬಹಳ ಹಿಡಿಸಿತು.

"ಆಯುಧಪೂಜೆ ದಿನ ಎಲ್ಲರೂ ಕೂತು ಕೇಳೋ ಅಂಥ ಸದ್ದು ಒಂದು ಬರ್ಬೇಕು ಇದರಲ್ಲಿ," ಎಂದು ಮಗಳಿಗೆ ಹೇಳಿದ. "ಬಂತಾ, ಪೆಟ್ಟಿಗೆ ನಿಂದು. ಬರಲಿಲ್ವಾ, ವಾಪಸ್ಸು."

ಪುಟ್ಟಿ ಅವತ್ತೇ ಕೂತಳು. ಮೊದಲು ಬಂದದ್ದು ಗೊರ್ರ್ ಎನ್ನುವ ಒಂದು ಸದ್ದು. ಅದು ಅವಳಿಗೆ ತುಂಬ ಇಷ್ಟವಾಯಿತು. ಒಂದು ಕೀಯ ಮೇಲೆ ಪೆನ್ಸಿಲ್ ಡಬ್ಬಿ ಹೇರಿಟ್ಟು ಗೊರ್ರ್ ಅನ್ನಿಸುತ್ತ ನಾಬು ತಿರುಗಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪಕ್ಕದ ಕಾರ್ಖಾನೆಯ ಸದ್ದು ನಿಂತಿತು. ಅಲ್ಲಿ ಯಾರೋ ಸುತ್ತಿಗೆಯಲ್ಲಿ ಕುಟ್ಟುವುದು ಕೇಳಿಸಿತು. ಮತ್ತೆ ಮಷೀನು ಶುರುವಾಯಿತು, ಮತ್ತೆ ನಿಂತಿತು.

ಸಂಜೆ ಸಾಹೇಬರು ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ನಮ್ಮ ಬಾಗಿಲಿಗೆ ಬಂದರು. "ಅಮ್ಮಾ, ನಿಮ್ಮನೇಲೂ ಗೊರ್ರ್ ಅಂತ ಕೇಳಿಸ್ತಿದ್ಯಾ? ಮೋಟರ್ ಬೇರಿಂಗ್ ಹೋಯ್ತು ಅಂತ ಪೂರ್ತಿ ಬಿಚ್ಚಿ ಹಾಕಿದೀನಿ. ಮಷೀನು ಆಫ್ ಮಾಡಿದ್ರೂ ಸದ್ದು ನಿಲ್ತಾ ಇಲ್ಲ!"

ಪುಟ್ಟಿ ಓಡಿಹೋಗಿ ಪೆನ್ಸಿಲ್ ಡಬ್ಬಿ ತೆಗೆದಳು. ಸದ್ದು ನಿಂತಿತು. ಸಾಹೇಬರು ಒಳಗೆ ಬಗ್ಗಿ ಪೆಟ್ಟಿಗೆ ನೋಡಿದರು, ತಮ್ಮ ಕೈ ನೋಡಿಕೊಂಡರು.

"ನುಡಿಸಮ್ಮಾ, ನುಡಿಸು, ಕಲಿಯೋ ವಯಸ್ಸು," ಎಂದರು. "ಆದ್ರೆ ಬೇರಿಂಗ್ ಸರಿ ಇರೋ ಸದ್ದು ನುಡಿಸು."

ಅವತ್ತಿನಿಂದ ಹೆಡ್‌ಫೋನು.

ನಾಲ್ಕು ಬೆರಳು

ಸೊಸೆಯ ಅಣ್ಣ ಚಿಂತಾಮಣಿ ಊರಿನವರು. ಅಲ್ಲಿ ಭಜನೆಗೆ ಕೀಬೋರ್ಡ್ ನುಡಿಸುತ್ತಾರೆ. ಮಾತು ಬಹಳ, ಅರ್ಧ ತೆಲುಗು. ಇವರು ಹೂಂ ಅಂದರೆ ಪುಟ್ಟಿಗೆ ಒಂದು ಬಲ ಸಿಗುತ್ತದೆ ಎಂದು ನಾನೇ ಕರೆಸಿದೆ.

ಅವರು ಬಂದು, ಹೆಡ್‌ಫೋನ್ ತೆಗೆಸಿ, ಕೈ ತೊಳೆದು, ಕಣ್ಣು ಮುಚ್ಚಿಕೊಂಡು ಭಕ್ತಿಯಿಂದ ನಾಲ್ಕು ಬೆರಳು ಒಟ್ಟಿಗೆ ಒತ್ತಿದರು. ಪೆಟ್ಟಿಗೆ ಒಂದೇ ಸ್ವರ ಹೇಳಿತು. ಕಣ್ಣು ಬಿಟ್ಟು ಮತ್ತೆ ಒತ್ತಿದರು. ಮತ್ತೆ ಒಂದೇ.

"ಏಮಮ್ಮಾ ಇದಿ? ಮೂರು ಕೀ ಕೆಟ್ಟೋಗವೆ!"

"ಕೆಟ್ಟಿಲ್ಲ ಮಾವ, ಇದು ಒಂದು ಸಲಕ್ಕೆ ಒಂದೇ ಸ್ವರ ಹೇಳೋದು. ಕಮ್ಮಿ ಬೆಲೇಲಿ ಹೀಗೇ ಬರೋದು. ಕಲಿಯೋಕೆ ಇದೇ ಒಳ್ಳೇದು."

"ನಿಮ್ಮಪ್ಪನಿಗೆ ಹೇಳು, ಮೋಸ ಹೋಗಿದ್ದಾನೆ. ನಾಲ್ಕು ಬೆರಳಿಗೆ ಒಂದು ಸದ್ದಾ?"

"ನೀವು ಮಾತಾಡುವಾಗ ಒಂದು ಸಲಕ್ಕೆ ಒಂದೇ ಮಾತು ತಾನೇ ಆಡೋದು ಮಾವ?" ಎಂದು ಕೇಳಿದಳು ಪುಟ್ಟಿ.

ಅಡುಗೆಮನೆಯಿಂದ ಸೊಸೆ ಉತ್ತರ ಕೊಟ್ಟಳು: "ಇಲ್ಲ ಕಣೇ. ಅವನು ನಾಲ್ಕೂ ಆಡ್ತಾನೆ."

ನಮಗೆ ಬಲ ಸಿಗಲಿಲ್ಲ. ನನ್ನ ಮಗ ಪೆಟ್ಟಿಗೆ ಬಂದಿದ್ದ ಅಂಗಡಿಯ ರಟ್ಟಿನ ಡಬ್ಬ ಅಟ್ಟದಿಂದ ಇಳಿಸಿ ಧೂಳು ಹೊಡೆದ.

ನೆಟ್ಟಗೆ ಇಟ್ಟ ಕುಂಕುಮ

ಹಬ್ಬ ಹತ್ತಿರ ಬಂತು. ಪುಟ್ಟಿಗೆ ಯಾವ ಸದ್ದು ಮಾಡಬೇಕೆಂದೇ ಹೊಳೆಯುತ್ತಿರಲಿಲ್ಲ. "ಅಜ್ಜಿ, ನೀನೇ ಹೇಳು. ನಿಂಗೆ ಯಾವ ಸದ್ದು ಕೇಳ್ಬೇಕು?"

ನನಗೆ ಹೊಳೆದದ್ದು ಒಂದೇ. ನಮ್ಮ ತವರೂರಿನ ಹತ್ತಿ ಗಿರಣಿಯ ಭೋಂಗಾ, ಇಲ್ಲಿಯವರ ಮಾತಲ್ಲಿ ಸೈರನ್ನು. ಊಟದ ಹೊತ್ತಿಗೆ ಅದು ಕೂಗಿದರೆ ಅಪ್ಪ ಮನೆಗೆ ಬರುವ ಹೊತ್ತಾಯಿತು ಎಂದು ಅವ್ವ ರೊಟ್ಟಿ ತಟ್ಟಲು ಕೂಡುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಅಂಥ ಕೂಗು ಕೇಳಿಲ್ಲ.

ಪುಟ್ಟಿ ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದಳು. ಅವಳು ತಿರುಗಿಸುವುದು, ನಾನು ಹೇಳುವುದು. ಕೆಳಗಿನಿಂದ ಎದ್ದು ಬರಬೇಕು. ಅಷ್ಟು ಬೇಗ ಬೇಡ. ಮೇಲೆ ಹೋಗಿ ನಿಲ್ಲಬೇಕು. ಇದು ಕೊಳಲಾಯಿತು, ಗಂಟಲು ಒಡಕಿರಬೇಕು. ಕಡೆಗೆ ಸೋತು ಇಳಿಯಬೇಕು. ದಿನಾ ಸಂಜೆ ಇದೇ ಕೆಲಸ. ಹಬ್ಬದ ಹಿಂದಿನ ದಿನ ಅದು ಬಂತು. ನಾನು ಸಾಕು ಎಂದೆ.

"ಈ ಪೆಟ್ಟಿಗೆಗೆ ನೆನಪು ಅನ್ನೋದಿಲ್ಲ ಅಜ್ಜಿ. ನಾಬು ಹೇಗಿದೆಯೋ ಹಾಗೇ ಸದ್ದು," ಎಂದು ಹೇಳಿ ಪುಟ್ಟಿ ಅದರ ಮೇಲೆ ಟವೆಲ್ ಮುಚ್ಚಿ ಮಲಗಿದಳು.

ನನ್ನ ಸೊಸೆಯಷ್ಟು ಅಚ್ಚುಕಟ್ಟಾಗಿ ಆಯುಧಪೂಜೆ ಮಾಡುವವರು ನಮ್ಮ ಬೀದಿಯಲ್ಲಿಲ್ಲ. ಬೆಳಗ್ಗೆ ಬೇಗ ಎದ್ದು ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಕತ್ತರಿ ಎಲ್ಲ ಒರೆಸಿ ಸಾಲಾಗಿ ಇಟ್ಟಿದ್ದಳು. ನಾವು ಸ್ನಾನ ಮಾಡಿ ಬರುವಷ್ಟರಲ್ಲಿ ಪೆಟ್ಟಿಗೆಯೂ ಆ ಸಾಲಿನಲ್ಲಿತ್ತು. ಪಳಪಳ ಹೊಳೆಯುತ್ತಿತ್ತು. ಪ್ರತಿಯೊಂದು ನಾಬಿನ ಗುರುತಿನ ಗೆರೆಯ ಮೇಲೂ ಒಂದೊಂದು ಕುಂಕುಮದ ಬೊಟ್ಟು. ಎಲ್ಲ ಬೊಟ್ಟುಗಳೂ ಡ್ರಿಲ್ಲಿಗೆ ನಿಂತ ಮಕ್ಕಳ ಹಾಗೆ ನೆಟ್ಟಗೆ ಮೇಲೆ ನೋಡುತ್ತಿದ್ದವು.

"ಅಮ್ಮಾ, ಏನು ಮಾಡಿದೆ!"

"ಒಂದೊಂದು ಒಂದೊಂದು ಕಡೆ ತಿರುಗಿತ್ತಮ್ಮ. ಸೊಟ್ಟಗೆ ಕುಂಕುಮ ಇಡೋಕಾಗುತ್ತಾ? ಎಲ್ಲಾ ನೆಟ್ಟಗೆ ಮಾಡಿದೆ."

"ಅದು ಸೊಟ್ಟ ಅಲ್ಲಮ್ಮಾ, ಅದೇ ನನ್ನ ಸದ್ದು!"

ಈಗಲೇ ಸರಿಮಾಡೋಣವೆಂದರೆ ಸೊಸೆ ಅಡ್ಡ ನಿಂತಳು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟಬಾರದು. ಮಗ ಸ್ಕೂಟರ್ ಬಿಟ್ಟು ನಡೆದುಕೊಂಡೇ ಓಡಾಡಿದ. ಪುಟ್ಟಿ ಊಟ ಬಿಟ್ಟಳು. ಕಡೆಗೆ ಮಗನೇ ಸ್ವಲ್ಪ ಇಳಿದ: "ಸರಿ, ನಾಳೆ ಬೆಳಗ್ಗೆವರೆಗೂ ಟೈಮು. ಮಧ್ಯಾಹ್ನದ ಬಸ್ಸಿಗೆ ಚಿಕ್ಕಬಳ್ಳಾಪುರ."

ವಿಜಯದಶಮಿಯ ಬೆಳಗ್ಗೆ ಮಂಗಳಾರತಿ ಆದದ್ದೇ ತಡ, ನಾವಿಬ್ಬರೂ ಕೂತೆವು. ಹೆಡ್‌ಫೋನ್ ಹುಡುಕುವಷ್ಟು ಪುರುಸೊತ್ತಿರಲಿಲ್ಲ, ಹಬ್ಬದ ಹಾಡಿಗೆ ತಂದಿದ್ದ ದೊಡ್ಡ ಸ್ಪೀಕರಿಗೇ ವೈರು ಸಿಕ್ಕಿಸಿದಳು. ಮೆಲ್ಲಗೆ ಇಟ್ಟುಕೊಂಡು ಹುಡುಕಿದೆವು. ಕುಂಕುಮದ ಬೊಟ್ಟುಗಳು ಒಂದೊಂದಾಗಿ ಓರೆಯಾದವು. ಇನ್ನೂ ನಿಧಾನ. ಗಂಟಲು ಒಡಕು. ಅಷ್ಟಲ್ಲ. ಹಾಂ. ಮಗ ರಟ್ಟಿನ ಡಬ್ಬ ಪಕ್ಕದಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕೂತಿದ್ದ.

"ಅಜ್ಜಿ, ಇದೇನಾ?"

"ಇದೇ. ಈಗ ಜೋರಾಗಿ ಬಿಡು."

ಬಿಟ್ಟಳು. ಭೋಂಗಾ ನೆಲದಿಂದ ಎದ್ದು, ಛಾವಣಿಗೆ ಹೋಗಿ, ಕಿಟಕಿಯಿಂದ ಹಾರಿ ಬೀದಿಗೆ ಹೋಯಿತು. ಸೊಸೆ ಸೌಟು ಹಿಡಿದು ಹೊರಗೆ ಬಂದಳು. ಮಗ ಕುರ್ಚಿಯಿಂದ ಎದ್ದೇಬಿಟ್ಟ. ಕೂಗು ಸೋತು ಇಳಿಯುವಷ್ಟರಲ್ಲಿ ಪಕ್ಕದ ಕಾರ್ಖಾನೆಯ ಹೆಂಗಸರು ಬಿಸಿನೀರಿನಲ್ಲಿ ಗೂಡು ಬಿಟ್ಟು, ಊಟದ ಡಬ್ಬಿ ಹಿಡಿದು ನಮ್ಮ ಬಾಗಿಲಲ್ಲಿದ್ದರು. ಹಿಂದೆ ಸಾಹೇಬರು.

"ಊಟಕ್ಕೆ ಬಿಟ್ರಾ?" ಎಂದು ಒಬ್ಬಳು ಕೇಳಿದಳು.

"ನಮ್ಮಲ್ಲಿ ಯಾವತ್ತಮ್ಮಾ ಸೈರನ್ ಇತ್ತು!" ಸಾಹೇಬರು ತಲೆ ಚಚ್ಚಿಕೊಂಡರು.

ಪುಟ್ಟಿಯ ದನಿ ಸಣ್ಣದಾಯಿತು. "ಅಪ್ಪ, ಬಂತಲ್ವಾ ಸದ್ದು?"

ಮಗ ಬಾಗಿಲ ಕಡೆ ನೋಡಿದ. "ಕೂತು ಕೇಳೋ ಸದ್ದು ಅಂದಿದ್ದೆ. ಇಲ್ಲಿ ಕೂತಿರೋರು ಒಬ್ಬರನ್ನ ತೋರಿಸು," ಎಂದು ಡಬ್ಬಕ್ಕೆ ಕೈ ಹಾಕಿದ.

"ವಾಪಸ್ ಕೊಡ್ತೀಯೇನಪ್ಪಾ?" ಎಂದರು ಸಾಹೇಬರು. "ನಾನು ಗಂಟಲು ಹರ್ಕೊಂಡ್ರೂ ಇವರು ಟೀ ಕುಡಿದಾದ್ಮೇಲೆ ಕೆಲಸಕ್ಕೆ ಇಷ್ಟು ಬೇಗ ಎದ್ದಿಲ್ಲ. ನಂಗೆ ಕೊಡು. ಅಂಗಡಿ ಬೆಲೆ ಮೇಲೆ ಎಷ್ಟಾದ್ರೂ ಹಾಕ್ಕೋ."

ನನ್ನ ಮಗ ಅರ್ಧ ಆಯುಷ್ಯ ಕಳೆದಿರುವುದು ಗೂಡಿನ ಹರಾಜಿನಲ್ಲಿ. ಇನ್ನೊಬ್ಬರು ಬೆಲೆ ಕೂಗಿದ ಮಾಲನ್ನು ಅವನು ಬಿಟ್ಟುಕೊಟ್ಟದ್ದಿಲ್ಲ. ಕೂಗಿದವರು ತನಗೆ ಸಂಬಳ ಕೊಡುವವರು ಎನ್ನುವುದೂ ಆ ಗಳಿಗೆಯಲ್ಲಿ ಅವನಿಗೆ ನೆನಪಿರಲಿಲ್ಲ.

"ಕೊಡೋ ಮಾತೇ ಇಲ್ಲ ಸಾಹೇಬ್ರೆ," ಎಂದು ಪೆಟ್ಟಿಗೆಗೆ ಅಡ್ಡ ನಿಂತ. "ಇದು ನನ್ನ ಮಗಳದು."

ಪುಟ್ಟಿ ರಟ್ಟಿನ ಡಬ್ಬವನ್ನು ಒಂದೇ ಏಟಿಗೆ ತುಳಿದು ಚಪ್ಪಟೆ ಮಾಡಿದಳು. ಹೆಂಗಸರು ಬಂದದ್ದು ಬಂದೆವು ಎಂದು ಜಗಲಿಯ ಮೇಲೆ ಊಟಕ್ಕೆ ಕೂತರು. ಆಗಲೇ ನಾನು ತಿರುಗಿ ನೋಡಿದ್ದು. ಸೊಸೆ ಸೌಟು ಕೆಳಗಿಟ್ಟು, ಒದ್ದೆ ಬಟ್ಟೆ ಹಿಂಡಿಕೊಂಡು ಬರುತ್ತಿದ್ದಳು. "ಇಷ್ಟು ಜನ ಬಂದವ್ರೆ, ಕುಂಕುಮ ಎಲ್ಲ ಸೊಟ್ಟಗಾಗಿದೆ, ಒಂದು ಸಲ ಒರೆಸಿಬಿಡ್ತೀನಿ ಅತ್ತೆ."

"ತಡಿಯಮ್ಮಾ!" ಎಂದು ಅವಳ ಕೈ ಹಿಡಿದುಕೊಂಡೆ. "ಪುಟ್ಟೀ, ಮೊದಲು ಒಂದು ಹಾಳೆ ತಾರೇ. ಯಾವ ಬೊಟ್ಟು ಯಾವ ಕಡೆ ನೋಡ್ತಿದೆ ಅಂತ ಬರ್ಕೋ. ಹಾಗೇ ಮೇಲ್ಗಡೆ ಈ ಪೆಟ್ಟಿಗೆ ಹೆಸರೂ ಬರಿ, ದೊಡ್ಡ ಅಕ್ಷರದಲ್ಲಿ."